ಬಾವ ಕೊಟ್ಟ ಗಾಡಿ

ಬೀಜಾಡಿಯ ಕಡಲ ದೈವ ಬೊಬ್ಬರ್ಯನ ಗುಡಿಯ ಮೆಟ್ಟಿಲಲ್ಲಿ, ವೀಳ್ಯದೆಲೆಯ ಮೇಲೆ, ಬೈಕಿನ ಕೀಲಿಕೈ ಮಲಗಿತ್ತು. ಬಚ್ಚ ಕೈಮುಗಿದು, ಕಣ್ಣು ಮುಚ್ಚಿ, ತುಟಿಯೊಳಗೇ ಏನನ್ನೋ ಹೇಳಿಕೊಂಡು ಪಕ್ಕಕ್ಕೆ ಸರಿದ.

"ತಕೋ ಅಶೋಕ. ಇನ್ನ್ ಅದ್ ನಿಂದೇ."

ಅಶೋಕ ಕೂಡಲೇ ಕೈ ಚಾಚಲಿಲ್ಲ. ಅವನ ದೃಷ್ಟಿ ಗುಡಿಯ ಎದುರು ಗಾಳಿಮರದ ಕೆಳಗೆ ನಿಂತಿದ್ದ ಗಾಡಿಯ ಮೇಲಿತ್ತು. ಅದಕ್ಕೆ ಹೊಸದಾಗಿ ಕಪ್ಪು ಬಣ್ಣ ಹೊಡೆದಿದ್ದರು. ಸೀಟಿಗೆ ಹೊಸ ಹೊದಿಕೆ ಬಂದಿತ್ತು. ಬಣ್ಣದ ವಾಸನೆ ಕಡಲ ಗಾಳಿಯಲ್ಲಿಯೂ ಮೂಗಿಗೆ ಹತ್ತುತ್ತಿತ್ತು. ಅವನ ಬಲಗೈ ತನಗೆ ತಾನೇ ಸೊಂಟದ ಚೂರಿಯ ಹಿಡಿಯನ್ನು ಮುಟ್ಟಿ ಅಲ್ಲಿಯೇ ನಿಂತಿತು.

ಆ ಕೈಗೆ ಒಂದು ಅಭ್ಯಾಸವಿತ್ತು. ನಾವುಂದದಿಂದ ಗಂಗೊಳ್ಳಿಯವರೆಗೆ ಮರದ ಬೋಟು ಇಟ್ಟವರಿಗೆಲ್ಲ ಅದು ಗೊತ್ತು. ಮಳೆಗಾಲದಲ್ಲಿ ದಡಕ್ಕೆಳೆದ ಬೋಟುಗಳನ್ನು ಮತ್ತೆ ನೀರಿಗಿಳಿಸುವ ಮುಂಚೆ ಮಾಲೀಕರು ಅಶೋಕನಿಗೆ ಹೇಳಿಕಳುಹಿಸುತ್ತಿದ್ದರು. ಅವನು ಬೋಟಿನ ಸುತ್ತ ಬರಿಗಾಲಲ್ಲಿ ನಡೆಯುತ್ತ, ಚೂರಿಯ ಹಿಡಿಯಿಂದ ಒಂದೊಂದೇ ಹಲಗೆಯನ್ನು ತಟ್ಟುತ್ತ ಹೋಗುವನು. ಗಟ್ಟಿ ಮರ ಒಂದು ಬಗೆಯಲ್ಲಿ ಮಾತಾಡುತ್ತದೆ, ಉಪ್ಪು ತಿಂದ ಮರ ಇನ್ನೊಂದು ಬಗೆಯಲ್ಲಿ. ಮೇಲಿನ ಬಣ್ಣ ಎಷ್ಟೇ ಮಿರುಗಲಿ, ಸದ್ದು ಸತ್ತ ಕಡೆ ಅವನು ಸೀಮೆಸುಣ್ಣದ ಗೆರೆ ಎಳೆದನೆಂದರೆ ಆ ಹಲಗೆಯನ್ನು ಬದಲಿಸದೆ ಯಾರೂ ಕಡಲಿಗೆ ಹೋಗುತ್ತಿರಲಿಲ್ಲ. ಸ್ವಂತ ಚಿಕ್ಕಪ್ಪನ ಬೋಟಿಗೂ ಗೆರೆ ಎಳೆದು ಅವನು ಬೈಸಿಕೊಂಡದ್ದಿತ್ತು.

ಆದರೆ ಈಗ ಕೊಡುತ್ತಿರುವವನು ಹೆಂಡತಿ ವನಜಳ ಅಣ್ಣ, ಕೀಲಿಕೈ ಇದ್ದದ್ದು ಬೊಬ್ಬರ್ಯನ ಮೆಟ್ಟಿಲ ಮೇಲೆ. ಬಲೆಯಾಗಲಿ ಎಂಜಿನ್ನಾಗಲಿ, ದೈವದ ಕಲ್ಲು ಮುಟ್ಟಿ ಕೈಯಿಂದ ಕೈಗೆ ಹೋದ ಮೇಲೆ ಅದರಲ್ಲಿ ಹುಳುಕು ಹುಡುಕುವ ಪದ್ಧತಿ ಅವರ ಕುಟುಂಬದಲ್ಲಿ ಇರಲಿಲ್ಲ. ಗಾಡಿಯನ್ನು ತಟ್ಟಿದರೆ ಅದು ಬಾವನನ್ನು ತಟ್ಟಿ ನೋಡಿದಂತಾಗುತ್ತಿತ್ತು. ಬಾವನ ಬೆನ್ನ ಹಿಂದಿದ್ದ ದೈವವನ್ನೂ.

"ಎಂತ ಕಾಣ್ತೆ?" ಬಚ್ಚ ನಕ್ಕ. "ಬೋಟಿಗ್ ಬಂದಾಂಗೆ ಇದ್ಕೂ ಒಂದ್ ಸುತ್ತ್ ಬರ್ಕಾ?"

"ಇಲ್ಲೆ ಬಾವ," ಎಂದ ಅಶೋಕ. ಚೂರಿಯಿಂದ ಕೈ ತೆಗೆದು, ಕೀಲಿಕೈಯನ್ನು ಎತ್ತಿ ಕಣ್ಣಿಗೊತ್ತಿಕೊಂಡ. ವನಜಳ ಎರಡು ಬಳೆ ಮಾರಿ ತಂದಿದ್ದ ದುಡ್ಡಿನ ಕಟ್ಟನ್ನು ಬಚ್ಚನ ಕೈಗಿತ್ತ. ಬಚ್ಚ ಅದನ್ನು ಎಣಿಸದೆ ಜೇಬಿಗಿಳಿಸಿದ. ಅವನು ಎಣಿಸಲಿಲ್ಲ, ಇವನು ತಟ್ಟಲಿಲ್ಲ. ಸಂಬಂಧ ಅಷ್ಟು ಚೆನ್ನಾಗಿತ್ತು.

ನಾವುಂದದ ಮನೆಯಂಗಳದಲ್ಲಿ ವನಜ ಆರತಿ ತಟ್ಟೆ ಹಿಡಿದೇ ಕಾದಿದ್ದಳು. ಹೆಡ್‌ಲೈಟಿಗೆ ದಾಸವಾಳ ಸಿಕ್ಕಿಸಿ, ಚಕ್ರದ ಕೆಳಗೆ ಲಿಂಬೆಹಣ್ಣು ಇಟ್ಟು, ಗಾಡಿಯ ಸುತ್ತ ಒಮ್ಮೆ ನಡೆದು ಬಂದಳು.

"ಹ್ವಾಯ್, ಓಡ್ಸಿ ಗೀಡ್ಸಿ ಕಂಡೇ ತಕಂಡ್ರ್ಯಲೆ?"

"ನಿನ್ನಣ್ಣ ಕೊಟ್ಟದ್ದ್. ಓಡ್ಸಿ ಕಾಂಬುದೆಂತಕೆ?"

"ಅಣ್ಣ ಆರೆಂತ? ಅಪ್ಪಯ್ಯನ ದೋಣಿ ಮೀನನ್ನೂ ನಾನ್ ಕಿವಿರ್ ಎತ್ತಿ ಕಾಣ್ದೆ ಬುಟ್ಟಿಗ್ ಹಾಕ್ದವ್ಳಲ್ಲ. ಇವ್ಳನ್ನ್ ಮದಿ ಆಪ ಗಂಡ್ ಮೊದ್ಲ್ ಕಿವಿರ್ ತೋರ್ಸ್ಕ್ ಅಂದೇಳಿ ಅಪ್ಪಯ್ಯ ನೆಗಿ ಮಾಡ್ತಿದ್ರ್."

"ನಂದ್ ಕಾಣ್ಲಿಲ್ಯಲೆ ನೀನ್."

"ಕಾಣ್ದೆ ಬಂದದ್ದಕ್ಕೇ ಈ ಅವಸ್ಥೆ," ಎಂದು ಅವಳು ಕುಂಕುಮದ ಬೆರಳನ್ನು ಮೊದಲು ಟ್ಯಾಂಕಿಗೆ, ಆಮೇಲೆ ಅವನ ಹಣೆಗೆ ಒರಸಿದಳು.

ನಗುತ್ತಲೇ ಹೇಳಿದ ಆ ಅವಸ್ಥೆ ಸಣ್ಣದೇನೂ ಆಗಿರಲಿಲ್ಲ. ಬೋಟಿನಲ್ಲಿ ಬಲೆಯ ಹಗ್ಗ ಸಿಡಿದು ಅಶೋಕನ ಎಡಭುಜ ಕಿತ್ತುಬಂದಂತಾದ ಮೇಲೆ ಅವನು ಕಡಲಿಗೆ ಹೋಗುವಂತಿರಲಿಲ್ಲ. ಆ ವರ್ಷದ ಮಳೆಗಾಲವಿಡೀ ಅವರ ಒಲೆಯ ಮೇಲೆ ಬೆಂದದ್ದು ಬಚ್ಚ ಆಟೋದಲ್ಲಿ ಹಾಕಿ ಕಳುಹಿಸಿದ ಅಕ್ಕಿ. ಅಂದಿನಿಂದ ವನಜ ಒಬ್ಬಳೇ ಮೀನಿನ ಬುಟ್ಟಿ ಹೊತ್ತು ಒಳನಾಡಿನ ಬಸ್ಸು ಹತ್ತುತ್ತಿದ್ದಳು. ಹಿಂದಿನ ಬಾಗಿಲ ಬಳಿಯೇ ನಿಲ್ಲಬೇಕು. ಬುಟ್ಟಿಯ ನೀರು ಯಾರ ಚಪ್ಪಲಿಗೂ ತಾಗಬಾರದು. ತಾಗಿದರೆ ಕಂಡಕ್ಟರನ ಬೈಗುಳ. ಬೀಜಾಡಿ, ಕೋಟೇಶ್ವರದ ಮನೆ ಮನೆಗೆ ಬೈಕಿನಲ್ಲಿ ಮೀನು ಮಾರುತ್ತಿದ್ದ ಬಚ್ಚ ಈಗ ಒಂದು ಟೆಂಪೊದಲ್ಲಿ ಪಾಲು ಹಾಕಿ ಹಳೆಯ ಗಾಡಿಯನ್ನು ಕೊಡುತ್ತೇನೆಂದಾಗ, ಬಳೆ ಬಿಚ್ಚಲು ವನಜ ಎರಡನೆಯ ಯೋಚನೆ ಮಾಡಿರಲಿಲ್ಲ.

ಮೊದಲ ತಿಂಗಳು ಗಾಡಿ ಓಡಿತು. ಮರವಂತೆಯ ಬಂದರಿನಲ್ಲಿ ಬೆಳಿಗ್ಗೆ ಸೀಟಿನ ಹಿಂದೆ ಕಟ್ಟಿದ ಐಸ್ ಬಾಕ್ಸಿಗೆ ಬಂಗುಡೆ, ಬೂತಾಯಿ ತುಂಬಿಸಿಕೊಂಡು ಅಶೋಕ ಹಕ್ಲಾಡಿ, ನಾಡದ ಕಡೆಯ ಮನೆಗಳಿಗೆ ಹೋಗುವನು. ಅವನ ಹಾರ್ನು ಕೇಳಿದರೆ ಬೆಕ್ಕುಗಳು ಮನೆಯವರಿಗಿಂತ ಮೊದಲು ಬೇಲಿಯ ದಣಪೆಯ ಬಳಿ ಬಂದು ಕೂರತೊಡಗಿದವು. ವನಜ ನಾವುಂದದ ಪೇಟೆಯಲ್ಲಿ ನೆರಳಿಗೆ ಕುಳಿತು ಮಾರುವಂತಾಯಿತು. ಗಾಡಿ ಒಂದಿಷ್ಟು ಎಡಕ್ಕೆ ಎಳೆಯುತ್ತದೆಂಬುದನ್ನು ಅಶೋಕ ಗಮನಿಸಿದ್ದ. ತನ್ನ ಎಡಭುಜದ ದೋಷ ಎಂದುಕೊಂಡಿದ್ದ.

ಚೌತಿ ಕಳೆದ ಮೇಲಿನ ಒಂದು ಬೆಳಿಗ್ಗೆ, ಹಕ್ಲಾಡಿಯ ಏರಿನಲ್ಲಿ, ಗಾಡಿಯ ಹಿಂಭಾಗ ಮೀನು ಬಾಲ ಬಡಿದಂತೆ ಅತ್ತಿತ್ತ ಆಡಿತು. ಅಶೋಕ ಇಳಿದು ಬಾಕ್ಸನ್ನು ಬಿಚ್ಚಿ ನೆಲಕ್ಕಿಟ್ಟ. ಸೀಟು ಕಳಚಿ ಬಗ್ಗಿ ನೋಡಿದ. ಕಪ್ಪು ಬಣ್ಣ ಅಲ್ಲಲ್ಲಿ ಗುಳ್ಳೆ ಎದ್ದಿತ್ತು. ಬೊಬ್ಬರ್ಯನ ಗುಡಿಯ ಎದುರು ಮೇಲೇಳದೆ ಉಳಿದ ಚೂರಿ ಈಗ ಸೊಂಟದಿಂದ ಹೊರಬಂತು.

ಮುಂದಿನ ಕೊಳವೆಯನ್ನು ತಟ್ಟಿದ. ಕಬ್ಬಿಣ ಗಂಟೆಯಂತೆ ಉತ್ತರ ಕೊಟ್ಟಿತು. ಹಿಂದಕ್ಕೆ ಸರಿದು, ಸೀಟಿನ ಕೆಳಗೆ, ಬಾಕ್ಸು ಕೂರುವ ಜಾಗದ ಅಡಿಯಲ್ಲಿ ತಟ್ಟಿದ. ಒದ್ದೆ ಮಡಕೆಯ ಸದ್ದು. ಇನ್ನೊಂದು ಬದಿಯಲ್ಲಿಯೂ ಅದೇ. ಚೂರಿಯ ತುದಿಯಿಂದ ಗುಳ್ಳೆಯನ್ನು ಕೆರೆದಾಗ ಬಣ್ಣದ ಕೆಳಗಿನಿಂದ ಕಂದು ಪದರಗಳು ಹೊಟ್ಟಿನಂತೆ ಉದುರಿದವು. ಬಹಳ ಹೊತ್ತು ಅವನು ಅಲ್ಲಿಯೇ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಬಾಕ್ಸಿನ ತೂತಿನಿಂದ ಐಸಿನ ನೀರು ಒಂದೇ ಸಮನೆ ಮಣ್ಣಿಗೆ ತೊಟ್ಟಿಕ್ಕುತ್ತಿತ್ತು. ಬಾವನ ಬಾಕ್ಸೂ ವರ್ಷಗಟ್ಟಲೆ ಹೀಗೆಯೇ ತೊಟ್ಟಿಕ್ಕಿರಬೇಕು, ಮಣ್ಣಿಗಲ್ಲ, ಈ ಕಬ್ಬಿಣಕ್ಕೆ.

ತ್ರಾಸಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ರೋಹನ್ ಗಾಡಿಯನ್ನು ಮಗ್ಗುಲಿಗೆ ಮಲಗಿಸಿ, ಟಾರ್ಚು ಹಿಡಿದು ನೋಡಿದ.

"ಅಶೋಕಣ್ಣ, ಇದ್ ಇವತ್ತ್ ನಿನ್ನೆದಲ್ಲ. ಉಪ್ಪ್ ನೀರ್ ಒಳ್ಗಿಂದ ತಿಂದದ್ದ್. ಕಾಣಿ, ಇಲ್ಲ್ ಮೊದ್ಲೇ ಯಾರೋ ಪಟ್ಟಿ ಇಟ್ಟ್ ವೆಲ್ಡಿಂಗ್ ಮಾಡೀರ್. ಅದ್ರ್ ಮೇಲೆ ಪುಟ್ಟಿ ಮೆತ್ತಿ ಪೇಂಟ್ ಹೊಡ್ದೀರ್."

ಅಶೋಕ ಆ ಹಳೆಯ ಪಟ್ಟಿಯನ್ನೇ ನೋಡಿದ. "ನೀನೂ ಒಂದ್ ಪಟ್ಟಿ ಇಡ್."

"ಇಡ್ಲಕ್ಕ್. ಆರೆ ಪಟ್ಟಿ ಹಿಡ್ಕಂಬುಕೆ ಒಳ್ಳೆ ಕಬ್ಬಿಣ ಬೇಕಲೆ? ಬಾಕ್ಸ್ ಅರ್ಧ ಮಾಡಿ, ಒಬ್ರೇ ಮೆಲ್ಲ ಹೋಯ್ನಿ. ಹಿಂದೆ ಮಾತ್ರ ಯಾರನ್ನೂ ಕೂರ್ಸ್‌ಬೇಡಿ. ನಾನಾರೆ ಕೊಟ್ಟವ್ರ್ ಅಂಗಳದಂಗೇ ನಿಲ್ಸಿ ಬತ್ತಿದ್ದೆ. ಯಾರ್ ಕೊಟ್ಟದ್ದ್?"

ಅಶೋಕ ಕಳಚಿಟ್ಟ ಸೀಟನ್ನು ಎತ್ತಿ ಗೋಡೆಗೆ ಒರಗಿಸಿದ. ರೋಹನ್ ಕನ್ನಡಕ ಹಾಕಿಕೊಂಡು ಕಿಡಿ ಹಾರಿಸಲು ಕುಳಿತ.

ಹೇಳಬೇಕು ಎಂದುಕೊಂಡೇ ಅಶೋಕ ಅಂದು ಮನೆಗೆ ಹೋದ. ವನಜ ಗಂಜಿ ಬಡಿಸುತ್ತ ಬೀಜಾಡಿಯ ಸುದ್ದಿ ಹೇಳುತ್ತಿದ್ದಳು. ಹೇಳಿದರೆ ಏನಾಗುತ್ತದೆಂದು ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅವಳು ಮರುದಿನವೇ ಹೋಗಿ ಅಣ್ಣನ ಅಂಗಳದಲ್ಲಿ ನಿಂತು ಎಲ್ಲರೆದುರು ಕೇಳುವಳು. ಕೇಳಿದ ಮೇಲೆ ಆ ಹೊಸಿಲನ್ನು ಮತ್ತೆ ದಾಟಲಾರಳು. ತಂದೆತಾಯಿ ಹೋದ ಮೇಲೆ ಅವಳಿಗೆ ತವರೆಂದು ಉಳಿದದ್ದು ಅದೊಂದೇ ಹೊಸಿಲು. ಆ ಮಳೆಗಾಲದ ಅಕ್ಕಿಯ ಋಣವೂ ತೀರಿರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆಗಳು ಹಾಗೆಯೇ ಕಳೆದವು. ಅರ್ಧ ಬಾಕ್ಸಿನ ಭಾರಕ್ಕೆ ರೋಹನ್ ಇಟ್ಟ ಪಟ್ಟಿ ತಡೆದುಕೊಂಡಿತು.

ಗದ್ದೆಯಲ್ಲಿ ಭತ್ತ ಹಣ್ಣಾಗುವ ಹೊತ್ತಿಗೆ ಬಚ್ಚನ ಫೋನು ಬಂತು. ಅವರ ಮನೆಯಲ್ಲಿ ಹೊಸ್ತು. ಹೊಸ ಅಕ್ಕಿಯ ಊಟಕ್ಕೆ ಮದುವೆಯಾಗಿ ಹೋದ ತಂಗಿ ಬಂದೇ ಬರಬೇಕು.

"ಬಪ್ಪ ಬಾವ, ಖಂಡಿತ ಬಪ್ಪ," ಎಂದ ಅಶೋಕ.

"ಮತ್ತೆ, ಗಾಡಿ ಹ್ಯಾಂಗಿತ್ತ್?"

ಬಚ್ಚ ಗಾಡಿಯ ಕುರಿತು ಕೇಳಿದ್ದು ಇದೇ ಮೊದಲು. ಅಶೋಕ ಬಾಗಿಲಾಚೆ ನೋಡಿದ. ವನಜ ಅಂಗಳದಲ್ಲಿ ಗಾಡಿಯ ಟ್ಯಾಂಕನ್ನು ತನ್ನ ಹಳೆಯ ಸೀರೆಯ ತುಂಡಿನಿಂದ ಒರಸುತ್ತಿದ್ದಳು.

"ಲಾಯ್ಕ್ ಇತ್ತ್ ಬಾವ."

ಬೀಜಾಡಿಯ ಕಡಲು ಮೊರೆಯುವುದು ಫೋನಿನಲ್ಲಿ ಕೇಳುತ್ತಿತ್ತು.

"ವನಜನ್ನ ಬಸ್ಸಿಗೇ ಕಳ್ಸ್, ಆಯ್ತಾ? ಹೈವೇಯಂಗೆ ಹೊಂಡ ಜಾಸ್ತಿ. ನೀನ್ ಬೇಕಾರೆ ಗಾಡ್ಯಂಗ್ ಬಾ."

ಬಾವನಿಗೂ ಗೊತ್ತಿದೆಯೆಂದು ತಿಳಿಯಲು ಅಷ್ಟು ಸಾಕಿತ್ತು. ಬಾಯಿಬಿಟ್ಟು ಒಂದು ಮಾತು ಕೇಳಿಬಿಡಲು ಅಶೋಕನಿಗೆ ಇದ್ದದ್ದು ಅದೊಂದು ಕ್ಷಣ. ಅವನು "ಆಯ್ತ್ ಬಾವ" ಎಂದು ಫೋನಿಟ್ಟ.

ಹೊಸ್ತಿನ ಬೆಳಿಗ್ಗೆ ವನಜ ಹಸಿರು ಸೀರೆ ಉಟ್ಟು, ಅಬ್ಬಲಿಗೆ ಮುಡಿದು, ಅಣ್ಣನ ಮಕ್ಕಳಿಗೆಂದು ಮಾಡಿದ ಉಂಡೆಯ ಡಬ್ಬಿ ಹಿಡಿದು ಹೊರಬಂದಳು. ಬಸ್ಸಿಗೆ ಹೋಗು ಎಂಬ ಮಾತು ಕೇಳಿ ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ.

"ಬಸ್ಸಿಗೆ? ಇಷ್ಟ್ ವರ್ಷ ಹಿಂದಿನ ಬಾಗ್ಲಂಗೆ ನಿಂತೇ ಹೋಯ್ದೆ. ರೇಶ್ಮಿ ಸೀರಿ ಉಟ್ರೂ ಆ ಕಂಡಕ್ಟ್ರಿಗೆ ನನ್ನ್ ಕಂಡ್ರೆ ಮೀನಿನ್ ವಾಸ್ನಿಯೇ ಬಪ್ಪುದ್. ಇವತ್ತ್ ಅಣ್ಣ ಕೊಟ್ಟ ಗಾಡ್ಯಂಗೇ ಅಣ್ಣನ ಮನಿ ಅಂಗಳಕ್ಕ್ ಇಳಿತೆ."

"ಹಿಂದಿನ್ ಟೈರ್ ಸಮ ಇಲ್ಲೆ."

"ನಿನ್ನೆ ಮೀನ್ ಹೊರುಕೆ ಸಮ ಇದ್ದದ್ದ್ ನಾನ್ ಕೂಕಂಡ್ರೆ ಸಮ ಇಲ್ಯಾ? ನಾನ್ ಅಷ್ಟ್ ಭಾರವಾ?"

ಒಂದೇ ವಾಕ್ಯ. ಅದು ನಾಲಗೆಯ ತುದಿಯವರೆಗೆ ಬಂತು. ಆದರೆ ಅವಳು ಆಗಲೇ ಸೆರಗು ಸಿಕ್ಕಿಸಿಕೊಂಡು, ಒಂದು ಕೈಯನ್ನು ಸೀಟಿನ ಮೇಲಿಟ್ಟು, ಹಬ್ಬದ ದಿನ ಎಲೆಯ ಮುಂದೆ ಕೂರುವವಳಂತೆ ಕಾಯುತ್ತಿದ್ದಳು. ಅವಳ ಬರಿಯ ಮಣಿಕಟ್ಟನ್ನು ನೋಡಿ ಅಶೋಕ ಕಣ್ಣು ಹೊರಳಿಸಿದ. ಮೆಲ್ಲ ಹೋದರಾಯಿತು. ರೋಹನ್ ಇಟ್ಟ ಪಟ್ಟಿ ಇಷ್ಟು ದಿನ ಹಿಡಿದಿದೆ. ಇದೊಂದು ದಿನ. ನಾಳೆ ಹೇಳಿಯೇ ಬಿಡುವುದು. ಅವನು ಗಾಡಿ ಶುರು ಮಾಡಿದ.

ರಸ್ತೆಯ ಎಡ ಅಂಚು ಹಿಡಿದು ಅವನು ಓಡಿಸಿದ್ದು ಸೈಕಲ್ಲಿನ ವೇಗದಲ್ಲಿ. ಮರವಂತೆಯಲ್ಲಿ ಬಲಕ್ಕೆ ಕಡಲು, ಎಡಕ್ಕೆ ಹೊಳೆ. ಅವನು ಎರಡನ್ನೂ ನೋಡಲಿಲ್ಲ. ಹೊಂಡ ಕಂಡಾಗಲೆಲ್ಲ ಕಾಲೂರಿ ಸೀಟಿನಿಂದ ಏಳುವನು, ತನ್ನ ಭಾರವೊಂದನ್ನಾದರೂ ಕಬ್ಬಿಣದ ಮೇಲಿಂದ ಎತ್ತುವವನಂತೆ. ಕಿವಿ ಪೂರ್ತಿ ಹಿಂದಿತ್ತು. ವನಜ ಅವನ ನೋವಿನ ಭುಜದ ಮೇಲೆ ಕೈಯಿಟ್ಟು, ಗಾಳಿಗೆ ಕೇಳದ ಹಾಗೆ ಏನೇನೋ ಹೇಳುತ್ತಿದ್ದಳು. ಹೆಮ್ಮಾಡಿ ದಾಟಿತು, ಕುಂದಾಪುರ ದಾಟಿತು. ಕೋಟೇಶ್ವರದಲ್ಲಿ ಹೆದ್ದಾರಿ ಬಿಟ್ಟು ಬೀಜಾಡಿಯ ರಸ್ತೆಗೆ ತಿರುಗಿದಾಗ ಅಶೋಕ ಆ ಬೆಳಿಗ್ಗೆ ಮೊದಲ ಬಾರಿಗೆ ಎದೆ ತುಂಬ ಉಸಿರೆಳೆದ. ಬಚ್ಚನ ಮನೆಯ ತೆಂಗಿನ ಮರಗಳು ಕಾಣುತ್ತಿದ್ದವು. ಬಾಗಿಲಿಗೆ ಭತ್ತದ ಕದಿರು ಕಟ್ಟಿದ್ದೂ ಕಂಡಿತು.

"ಕಾಣಿ," ಎಂದಳು ವನಜ ಅವನ ಕಿವಿಯ ಬಳಿ. "ಟೈರ್ ಸಮ ಇಲ್ಲೆ ಅಂದ್ರಿ."

ರಸ್ತೆಗೆ ಅಡ್ಡಲಾಗಿ ಒಂದು ಹಂಪ್ ಇತ್ತು. ಮುಂದಿನ ಚಕ್ರ ಅದನ್ನು ಹತ್ತಿ ಇಳಿಯಿತು. ಹಿಂದಿನ ಚಕ್ರ ಹತ್ತುವಾಗ ಒಂದು ಸದ್ದಾಯಿತು. ದೊಡ್ಡದಲ್ಲ, ನೆನೆದ ಹಲಗೆ ಮುರಿದಂತೆ. ಸೀಟು ಅವನ ಕೆಳಗಿಂದ ಕುಸಿಯಿತು. ಭುಜದ ಮೇಲಿನ ಕೈ ಅಂಗಿಯನ್ನು ಹಿಡಿದೆಳೆದು ಬಿಟ್ಟುಹೋಯಿತು.

ಅವನು ಎದ್ದು ತಿರುಗಿದಾಗ ವನಜ ಚರಂಡಿಯ ಸಿಮೆಂಟು ಅಂಚಿನ ಮೇಲೆ ಅಂಗಾತ ಬಿದ್ದಿದ್ದಳು. ರಕ್ತ ಇರಲಿಲ್ಲ. ಕಣ್ಣು ತೆರೆದೇ ಇತ್ತು. ಡಬ್ಬಿಯ ಮುಚ್ಚಳ ಹಾರಿ ಉಂಡೆಗಳು ರಸ್ತೆಯ ಮೇಲೆಲ್ಲ ಉರುಳಿದ್ದವು.

"ಉಂಡಿ," ಎಂದಳು ಅವಳು.

ಬಚ್ಚ ಹೊಸ ಪಂಚೆಯಲ್ಲಿಯೇ ಓಡಿಬಂದ. "ಹೆಣ್ಣೇ, ವನಜ, ಏಳ್, ನನ್ನ ಕೈ ಹಿಡ್ಕೋ," ಎಂದು ಮಣ್ಣಿನಲ್ಲಿ ಮಂಡಿಯೂರಿದ. ನೆರೆಹೊರೆಯವರು ಸೇರಿದರು. ನಾಲ್ಕಾರು ಕೈಗಳು ಅವಳನ್ನು ಎತ್ತಿ, ಮಡಚಿ, ಆಟೋದ ಸೀಟಿಗೆ ಕೂರಿಸಿದವು. ಅವಳ ತಲೆಯನ್ನು ಎದೆಗಾನಿಸಿಕೊಂಡು ಕುಳಿತ ಅಶೋಕ ಆಟೋ ಹೊರಡುವ ಮುನ್ನ ಹೊರಗೆ ನೋಡಿದ. ಬಚ್ಚ ಬಿದ್ದ ಗಾಡಿಯ ಬಳಿ ಒಬ್ಬನೇ ನಿಂತಿದ್ದ. ಹೆಗಲ ಮೇಲಿನ ಬೈರಾಸನ್ನು ತೆಗೆದು ಕೊಡವಿ, ಮುರಿದ ಜಾಗದ ಮೇಲೆ ಹಾಸಿ, ಅದು ಗಾಳಿಗೆ ಹಾರದಂತೆ ಅಂಚಿಗೊಂದು ಕಲ್ಲು ಇಟ್ಟ.

ಆಸ್ಪತ್ರೆಯಲ್ಲಿ ಡಾಕ್ಟರು ಬೆನ್ನುಹುರಿ ಎಂದರು, ಕಾದು ನೋಡಬೇಕು ಎಂದರು. ಆ ಮಾತನ್ನು ಅಶೋಕ ವಾರ್ಡಿನೊಳಗೆ ಒಯ್ಯಲಿಲ್ಲ. ಔಷಧದಿಂದ ಕಾಲು ಜೋಮು ಹಿಡಿದಿದೆಯೆಂದು ವನಜ ತಾನೇ ತೀರ್ಮಾನಿಸಿಕೊಂಡಿದ್ದಳು.

ಮರುದಿನ ಸಂಜೆ ಬಚ್ಚ ಸ್ಟೀಲಿನ ಕ್ಯಾರಿಯರಿನಲ್ಲಿ ಹೊಸ ಅಕ್ಕಿಯ ಪಾಯಸ ಹಿಡಿದು ಬಂದ. ಕಾರಿಡಾರಿನ ಬೆಂಚಿನ ಮೇಲೆ ಅಶೋಕನ ಪಕ್ಕದಲ್ಲಿ, ನಡುವೆ ಕ್ಯಾರಿಯರು ಇಟ್ಟುಕೊಂಡು ಕುಳಿತ.

"ಗಾಡಿ ನಮ್ಮನಿ ಕೊಟ್ಟಿಗ್ಯೊಳ್ಗ್ ಇತ್ತ್. ಯಾರಾರೂ ಕೇಂಡ್ರೆ ಹಂಪ್ ಹಾರ್ತ್ ಅಂದ್ರಾಯ್ತ್."

ಅಶೋಕ ನೆಲ ನೋಡುತ್ತಿದ್ದ. "ನಿಮ್ಗ್ ಗೊತ್ತಿತ್ತಲೆ ಬಾವ."

ಬಚ್ಚ ಕ್ಯಾರಿಯರಿನ ಹಿಡಿಯನ್ನು ಎತ್ತಿ ಮಲಗಿಸಿದ, ಮತ್ತೆ ಎತ್ತಿದ.

"ನಿಂಗೂ ಗೊತ್ತಿತ್ತ್," ಎಂದ ಕೊನೆಗೆ. "ಹೊಸ ಪಟ್ಟಿ ಕಂಡೆ ನಾನ್. ಬಸ್ಸಿಗೆ ಕಳ್ಸ್ ಅಂದಿದ್ದೆ."

ಒಬ್ಬ ಆಯಾ ತಳ್ಳುಗಾಡಿ ನೂಕುತ್ತ ಬಂದಳು. ದಾರಿ ಬಿಡಲೆಂದು ಇಬ್ಬರೂ ಒಟ್ಟಿಗೆ ಕಾಲು ಹಿಂದಕ್ಕೆಳೆದುಕೊಂಡರು. ಅವಳು ದಾಟಿಹೋದ ಮೇಲೆ ಬಚ್ಚ ಕ್ಯಾರಿಯರು ಎತ್ತಿಕೊಂಡು ಎದ್ದ.

ಅವರು ಒಳಗೆ ಹೋದಾಗ ವನಜಳ ಮುಖ ಅರಳಿತು.

"ಅಣ್ಣ, ಗಾಡಿಗ್ ಎಂತ ಆಯ್ಲೆ ಅಲ್ದಾ? ಇವ್ರ್ ಹತ್ರ ಕೇಂಡ್ರೆ ಮಾತೇ ಇಲ್ಲೆ. ನೀ ಕೊಟ್ಟ ಗಾಡಿ, ನಿನ್ನ್ ಮನಿ ಎದ್ರೇ ಬೀಳ್ಕಾ?"

"ಎಂತ ಆಯ್ಲೆ ಹೆಣ್ಣೇ," ಎಂದ ಬಚ್ಚ. ಕ್ಯಾರಿಯರನ್ನು ಮೇಜಿನ ಮೇಲಿಟ್ಟು ಕಿಟಕಿಯ ಬಳಿ ಹೋಗಿ ಹೊರಗೆ ನೋಡುತ್ತ ನಿಂತ.

ಅಶೋಕ ಮಂಚದ ಕಾಲ್ದೆಸೆಯಲ್ಲಿ ಕುಳಿತ. ವನಜ ಮೇಲಿನ ಫ್ಯಾನು ನೋಡುತ್ತ ಮಾತು ಮುಂದುವರಿಸಿದ್ದಳು. ಹಕ್ಲಾಡಿಯ ಶೆಟ್ರ ಮನೆಯವರು ಈ ವಾರ ದೊಡ್ಡ ಬಂಗುಡೆ ಹೇಳಿದ್ದಾರೆ. ನಾಡದ ಟೀಚರಮ್ಮನಿಗೆ ಬೂತಾಯಿ ಆಗದು, ನಂಗು ಮೀನು ಸಿಕ್ಕಿದರೆ ಮಾತ್ರ ಕೊಡಬೇಕು. ಒಂದು ವಾರ ತಪ್ಪಿದರೆ ಬೇರೆಯವರು ಆ ದಾರಿ ಹಿಡಿಯುತ್ತಾರೆ.

ಹೊದಿಕೆಯ ಕೆಳಗೆ ಅವಳ ಕಾಲು ನೀಳವಾಗಿ ಚಾಚಿತ್ತು. ಅಶೋಕ ತೋರುಬೆರಳನ್ನು ಮಡಚಿ, ಗೆಣ್ಣಿನಿಂದ, ಪಾದದ ಮೇಲಿನ ಮೂಳೆಯನ್ನು ಮೆಲ್ಲನೆ ತಟ್ಟಿದ. ಗಟ್ಟಿ ಸದ್ದು. ಸ್ವಲ್ಪ ಮೇಲಕ್ಕೆ ಸರಿದು ಮತ್ತೆ ತಟ್ಟಿದ, ಈ ಸಲ ಜೋರಾಗಿ. ಕಿಟಕಿಯ ಬಳಿ ಬಚ್ಚ ತಿರುಗಿ ನೋಡಿದ. ಅವನ ಕಣ್ಣು ಆ ಬೆರಳಿನ ಮೇಲೆ ನಿಂತಿತು. ಅಶೋಕ ಮೊಣಕಾಲಿನವರೆಗೂ ತಟ್ಟುತ್ತ ಹೋದ.

"ನೀವ್ ನಾಳೆ ಬಸ್ಸಿಗಾರೂ ಹೋಯ್ನಿ," ಎಂದಳು ವನಜ, ಫ್ಯಾನಿನಿಂದ ಕಣ್ಣು ತೆಗೆಯದೆ. "ಬುಟ್ಟಿ ಅಟ್ಟದ್ ಮೇಲಿತ್ತ್."